ಮಾರಾಟವಾಗದ ಕಂಬಗಳು

"ಅಮ್ಮಾ, ಈ ಕಂಬಗಳನ್ನು ಇವರು ಯಾಕೆ ಇನ್ನೂ ಮಾರಿಲ್ಲ?" ಎಂದು ಇಂಗ್ಲೆಂಡಿನ ಯಾರ್ಕ್ ನಗರದ ಮರ್ಚೆಂಟ್ ಅಡ್ವೆಂಚರರ್ಸ್ ಹಾಲ್‌ನಲ್ಲಿ ಮಗ ಕೇಳಿದ ಪ್ರಶ್ನೆ ತಲೆಯಿಂದ ಇಳಿಯದ ಕಾರಣ, ಬರೆದಿಟ್ಟಿದ್ದ ದೀಪಾವಳಿಯ ಸಂಪಾದಕೀಯವನ್ನು ಬದಿಗಿಟ್ಟು ಈ ಸರಿರಾತ್ರಿಯಲ್ಲಿ ಮತ್ತೆ ಬರೆಯಲು ಕುಳಿತಿದ್ದೇನೆ, ಬೆಳಗ್ಗೆ ಸಂಚಿಕೆ ಅಚ್ಚಿಗೆ ಹೋಗಬೇಕು.

ಯಾರ್ಕಿನ ವರ್ತಕರು 1357ರಲ್ಲಿ ಆರಂಭಿಸಿ 1361ರಲ್ಲಿ ಮುಗಿಸಿದ ಈ ಭವನದ ಮಹಾಸಭಾಂಗಣ ನಿಂತಿರುವುದು ಓಕ್ ಮರದ ಚೌಕಟ್ಟಿನ ಮೇಲೆ. ಹಸಿ ಮರವನ್ನೇ ಕೆತ್ತಿ, ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಮರದ ಗೂಟ ಬಡಿಯುವುದು ಆ ಕಾಲದ ಬಡಗಿಗಳ ಪದ್ಧತಿಯಾಗಿತ್ತು. ಮರ ಒಣಗುತ್ತ ಸೊಟ್ಟಗಾಗಿರುವುದರಿಂದ ಅಲ್ಲಿ ನಡೆಯುವಾಗ ನೆಲದ ಏರುಪೇರು ಅಂಗಾಲಿಗೇ ತಿಳಿಯುತ್ತದೆ. ಮೇಲೆ ವ್ಯಾಪಾರದ ಮಾತುಕತೆ ನಡೆಯುತ್ತಿದ್ದರೆ, ಕೆಳ ಅಂತಸ್ತು ಶತಮಾನಗಳ ಕಾಲ ಬಡವರಿಗೆ, ಅಶಕ್ತರಿಗೆ ಆಶ್ರಯವಾಗಿತ್ತು. ಫಾಸ್ ನದಿಯ ನೆರೆಯನ್ನೂ ಕಂಡಿರುವ ಈ ಕಟ್ಟಡ ಇಂದಿಗೂ ಅದೇ ವರ್ತಕ ಸಂಘದ ಒಡೆತನದಲ್ಲಿದ್ದು, ವಸ್ತುಸಂಗ್ರಹಾಲಯವಾಗಿ, ಮದುವೆ, ಔತಣ, ಸಭೆಗಳ ತಾಣವಾಗಿ ದುಡಿಯುತ್ತಿದೆ. ಬೀಗ ಹಾಕಿ ಕಾಪಾಡುವುದಕ್ಕಿಂತ ಇದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಗನ ಪ್ರಶ್ನೆ ಬಂದದ್ದು ತೀರ್ಥಹಳ್ಳಿಯ ಹತ್ತಿರವಿದ್ದ ನನ್ನ ತವರಿನ ತೊಟ್ಟಿಮನೆಯಿಂದ. ಅಂಗಳದ ಸುತ್ತ ಹಲಸಿನ ಮರದ ಕಂಬಗಳಿದ್ದವು. ಅಡುಗೆಮನೆ ಕಡೆಯ ಕಂಬಕ್ಕೆ ಒರಗಿ ಅಜ್ಜಿ ದಿನವೂ ಹೂ ಕಟ್ಟುತ್ತಿದ್ದುದರಿಂದ, ಅವಳ ತಲೆಯ ಎಣ್ಣೆ ತಗುಲಿ ಸರಿಯಾಗಿ ಅಷ್ಟೆತ್ತರದಲ್ಲಿ ಒಂದು ಅಂಗೈಯಗಲ ಜಾಗ ಕಪ್ಪಾಗಿ ಹೊಳೆಯುತ್ತಿತ್ತು. ಕತ್ತಲೆಯಲ್ಲಿ ತಡವರಿಸಿಕೊಂಡು ಬಂದರೂ ಆ ನುಣುಪು ಕೈಗೆ ಸಿಕ್ಕರೆ ಅಡುಗೆಮನೆಯ ಹೊಸ್ತಿಲು ಎರಡೇ ಹೆಜ್ಜೆ ಎಂದು ನಮಗೆ ಗೊತ್ತಾಗುತ್ತಿತ್ತು. ಮನೆ ಕೆಡವಿದ ವರ್ಷ ಆ ಕಂಬವೂ ಉಳಿದವುಗಳ ಜೊತೆ ಮಾರಾಟವಾಗಿ ಲಾರಿ ಏರಿತು. ದೊಡ್ಡಪ್ಪನನ್ನು ದೂರಲಾರೆ, ಗೆದ್ದಲು ಹಿಡಿದಿತ್ತು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರಿರಲಿಲ್ಲ, ನಾವೆಲ್ಲ ಇಲ್ಲಿದ್ದೆವು.

ಯಾರ್ಕಿನಲ್ಲಿ ಮಗ ಕಂಬದ ಬಿರುಕಿನೊಳಗೆ ಬೆರಳು ತೂರಿಸಿ, "ಮುತ್ತಜ್ಜಿಯ ಎಣ್ಣೆಯ ಗುರುತು ಎಲ್ಲಿತ್ತು?" ಎಂದು ಕೇಳಿದಾಗ ನನ್ನ ಭುಜದ ಮಟ್ಟ ತೋರಿಸಿದೆ. ಆಮೇಲೆ ನೆನಪಾಯಿತು, ಅಜ್ಜಿ ಕುಳಿತಿರುತ್ತಿದ್ದಳು. ಗುರುತು ಇದ್ದದ್ದು ಅವನ ಎದೆಯ ಮಟ್ಟದಲ್ಲಿ.

ಜಾಗ ಕಡಿಮೆಯಿರುವುದರಿಂದ ಸೂಚನೆಗಳನ್ನು ಇಲ್ಲಿಯೇ ಸೇರಿಸುತ್ತೇನೆ: ದೀಪಾವಳಿ ಮತ್ತು ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ ಒಟ್ಟಿಗೇ ನಡೆಯಲಿವೆ, ಊಟಕ್ಕೆ ಮುಂಚಿತವಾಗಿ ಹೆಸರು ಕೊಡಿ; ಭಾನುವಾರದ ಕನ್ನಡ ತರಗತಿ ಎಂದಿನಂತೆ ಇರುತ್ತದೆ; ಯಾರ್ಕ್ ಭವನಕ್ಕೆ ಮಕ್ಕಳೊಂದಿಗೆ ಮತ್ತೊಮ್ಮೆ ಹೋಗಲು ಇಚ್ಛಿಸುವವರು ತಿಳಿಸಿ. ಊರಿನಲ್ಲಿ ಹಳೆಯ ಮನೆ ಇನ್ನೂ ನಿಂತಿದ್ದರೆ, ಈ ಸಲ ಹೋದಾಗ ಅದರ ಕಂಬ, ತೊಲೆ, ಬಾಗಿಲುವಾಡಗಳ ಚಿತ್ರ ತೆಗೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಅದನ್ನು ಸಿದ್ಧಪಡಿಸಲು ನನ್ನೊಬ್ಬಳಿಂದ ಸಾಧ್ಯವಿಲ್ಲ, ದಯವಿಟ್ಟು ಇಬ್ಬರಾದರೂ ಬನ್ನಿ.