ಅವನ ಹೆಸರು ಚೆಕ್‌ರೋಲಿನಲ್ಲೇ ಇರಲಿ

ಸುಂಟಿಕೊಪ್ಪ
ಗುರುವಾರ ರಾತ್ರಿ

ಚಿ. ಪ್ರವೀಣನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರವೇ ಬಂತು. ಮೆಣಸಿನ ರೇಟು, ಅಕ್ಕನ ಮಂಡಿನೋವು, ಕೆರೆಯ ಪಂಪು ಕೈಕೊಟ್ಟದ್ದು, ಇವಕ್ಕೆಲ್ಲ ಬೇರೆ ದಿನ ಬರೆಯುತ್ತೇನೆ. ಮರದಿಂದ ಬಿದ್ದ ಆ ಆಳಿನ ಬಗ್ಗೆ ಕೊನೆಯ ಪುಟದಲ್ಲಿ ಜಾಗ ಸಾಲದೆ ಅಂಚಿಗೆ ಅಡ್ಡಡ್ಡ ಬರೆದಿದ್ದೀಯಲ್ಲ, ಅದು ನನಗೆ ನಿದ್ದೆ ಮಾಡಲು ಬಿಡುತ್ತಿಲ್ಲ. "ಆ ವಾರದ ಚೆಕ್‌ರೋಲಿನಲ್ಲಿ ಅವನ ಹೆಸರು ಹೊಡೆದುಹಾಕಿ, ಸಂತೆಗೆ ಹೋಗುವಾಗ ಬಿದ್ದ ಅಂದುಬಿಡಿ ಅಂತ ಮೇಸ್ತ್ರಿ ಹೇಳ್ತಾನೆ. ಕೇಸಾದರೆ ತೋಟವೇ ಹೋಗ್ತದಂತೆ. ಹೌದಾ ಮಾವ?"

ಇಲ್ಲ, ತೋಟ ಹೋಗುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನನ್ನ ಕಾಗದ ಅಡ್ಡದಾರಿ ಹಿಡಿದರೆ ನೀನು ಅರ್ಧಕ್ಕೇ ಮಡಚಿಡುವವನು ಅಂತ ಗೊತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹೊಡೆದಿಲ್ಲ ತಾನೆ? ಹೊಡೆದಿದ್ದರೆ ಅದರ ಮೇಲೆ ಮತ್ತೇನೂ ಗೀಚಲು ಹೋಗಬೇಡ. ಇದ್ದದ್ದನ್ನು ಇದ್ದ ಹಾಗೆ ವಕೀಲರಿಗೆ ತೋರಿಸು.

ನೀನು ಹೆದರಿರುವುದು ತಪ್ಪೂ ಅಲ್ಲ ಮಾರಾಯ. ಸಾಲ ಮಾಡಿ ತೋಟ ಬಿಡಿಸಿಕೊಂಡವನು. ಮೆಣಸು ಕೊಯ್ಯಲು ಹತ್ತಿದ ಸಿಲ್ವರ್ ಓಕ್ ಮರದಿಂದ ಒಬ್ಬ ಮನುಷ್ಯ ಕೆಳಗೆ ಬಿದ್ದು, ಮಡಿಕೇರಿಯಿಂದ ಮೈಸೂರಿಗೆ ಕಳಿಸಿ, ಸೊಂಟಕ್ಕೆ ರಾಡ್ ಹಾಕಬೇಕು ಅಂದರೆ ಯಾರಿಗಾದರೂ ಕೈಕಾಲು ನಡುಗುತ್ತದೆ. ಆದರೆ ನೀನು ಲೆಕ್ಕ ಹಾಕದೆ ಹೆದರಿದ್ದೀಯ. ನಾನು ಜೀವನಪೂರ್ತಿ ಲೆಕ್ಕ ಬರೆದವನು, ಲೆಕ್ಕ ಹಾಕಿಯೇ ಹೆದರೋಣ.

ಬಿದ್ದವನ ವಯಸ್ಸು 35, ತಿಂಗಳ ಸಂಪಾದನೆ 12,000 ಎಂದಿಟ್ಟುಕೋ. ಕೆಲಸಗಾರರ ಪರಿಹಾರದ ಕಾನೂನಿನ ಪ್ರಕಾರ ವಾಸಿಯಾಗುವವರೆಗೆ ನೀನು ಕೊಡಬೇಕಾದದ್ದು ತಿಂಗಳ ಸಂಬಳದ ಕಾಲು ಭಾಗ, ಅರ್ಧ ತಿಂಗಳಿಗೊಮ್ಮೆ. ಅಂದರೆ 3,000, ಮತ್ತೆ 3,000. ಆಸ್ಪತ್ರೆಯ ನಿಜವಾದ ಖರ್ಚು ಬೇರೆ, ಅದೂ ನಿನ್ನದೇ. ಕಾಲು ಸರಿಹೋಗದೆ ದುಡಿಯುವ ಶಕ್ತಿ ಶೇಕಡ 30ರಷ್ಟು ಹೋಯಿತು ಅಂತಾದರೆ, ಸಂಬಳದ ಶೇಕಡ 60, ಅಂದರೆ 7,200. ಅದನ್ನು ಆ ವಯಸ್ಸಿಗೆ ಕಾನೂನು ಕೊಟ್ಟಿರುವ 197.06ರಿಂದ ಗುಣಿಸು. ಬಂದದ್ದರಲ್ಲಿ ಶೇಕಡ 30 ತೆಗೆದರೆ 4,25,650. ದೊಡ್ಡ ಮೊತ್ತವೇ, ಸಣ್ಣದು ಅನ್ನುವುದಿಲ್ಲ. ಆದರೆ ನೀನು ತೋಟಕ್ಕೆ ಕೊಟ್ಟ ಬೆಲೆ ನನಗೆ ಗೊತ್ತಿದೆ, ಇದರಿಂದ ತೋಟ ಹೋಗುವುದಿಲ್ಲ. ಇದೂ ನಿನ್ನ ಜೇಬಿನಿಂದಲೇ ಹೋಗಬೇಕಾಗಿಲ್ಲ, ಆಳುಗಳಿಗೆ ಮಾಡಿಸಿದ ಇನ್ಶೂರೆನ್ಸ್ ಪಾಲಿಸಿ ಇದೆಯಲ್ಲ.

ಪಾಲಿಸಿ ಅಂದಾಗಲೇ ನನಗೆ ಆ ಮೇಸ್ತ್ರಿಯ ಮೇಲೆ ಸಿಟ್ಟು ಬಂದದ್ದು. ಬಿದ್ದವನು ನಿನ್ನ ಆಳೇ ಅಲ್ಲ ಅಂತ ನೀನೇ ಬರೆದುಕೊಟ್ಟ ಮೇಲೆ ಇನ್ಶೂರೆನ್ಸಿನವರು ಯಾವ ಕರ್ಮಕ್ಕೆ ದುಡ್ಡು ಕೊಡುತ್ತಾರೆ? ಅವರು ಮೊದಲು ಕೇಳುವುದೇ ಚೆಕ್‌ರೋಲಿನ ಆ ಪುಟ. ಆಮೇಲೆ ಕೂಲಿ ಕೊಟ್ಟದ್ದನ್ನು ಬರೆಯುವ ಬಟವಾಡೆ ಪುಸ್ತಕ, ಆಸ್ಪತ್ರೆಯ ಕಾಗದ, ಅವನ ಆಧಾರ್. ನಿನ್ನನ್ನು ಕಾಪಾಡುವ ಒಂದೇ ಕಾಗದವನ್ನು ಹರಿದುಹಾಕು ಅಂತ ಮೇಸ್ತ್ರಿ ಹೇಳಿಕೊಟ್ಟಿದ್ದಾನೆ. ಹಾಗೆ ಹೇಳಲು ಅವನಿಗೂ ಕಾರಣ ಇದೆ. ಕೊಯ್ದ ಕೇಜಿ ಲೆಕ್ಕದ ಕೂಲಿಗೆ ಜನ ತಂದವನು ಅವನು, ಕೊನೆಗೆ ತನ್ನ ತಲೆಗೆ ಬರುತ್ತದೋ ಅಂತ ಭಯ. ಕಾಂಟ್ರಾಕ್ಟ್ ಜನವಾದರೂ ಗಾಯವಾದವನು ನೇರ ನಿನ್ನನ್ನೇ ಕೇಳಬಹುದು. ನೀನು ಕೊಟ್ಟು, ಆಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡುವ ಹಕ್ಕು ನಿನಗಿದೆ ಅಷ್ಟೆ. ಅವನಿಂದ ಏನು ವಸೂಲಾದೀತು, ಒಂದು ಹಳೇ ಬೈಕು.

ಪಾಲಿಸಿಯಲ್ಲಿ ಎಷ್ಟು ಜನರನ್ನು ತೋರಿಸಿದ್ದೀಯ ಅಂತ ಬರೆದಿಲ್ಲ. ಪ್ರೀಮಿಯಂ ಕೂಲಿಯ ಒಟ್ಟು ಮೊತ್ತದ ಮೇಲೆ ಬೀಳುವುದರಿಂದ ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಖಾಯಂ ಜನರನ್ನು ಮಾತ್ರ ತೋರಿಸಿ, ಕೊಯ್ಲಿಗೆ ಮೂರು ಪಟ್ಟು ಜನ ಹತ್ತಿಸುವುದು ನಮ್ಮ ಕಡೆ ರೂಢಿಯೇ ಆಗಿಹೋಗಿದೆ. ಮುಂದಿನ ಸಲ ಕೊಯ್ಲಿಗೆ ಬರುವ ಅಸ್ಸಾಮಿನವರನ್ನೂ ಸೇರಿಸಿ, ಮರ ಹತ್ತುವ ಕೆಲಸ ಅಂತಲೇ ಬರೆಸು. ಆಸ್ಪತ್ರೆ ಖರ್ಚನ್ನೂ ಸೇರಿಸಿಕೊಳ್ಳಿ ಅನ್ನು, ಕೇಳದಿದ್ದರೆ ಎಷ್ಟೋ ಪಾಲಿಸಿಯಲ್ಲಿ ಅದು ಇರುವುದಿಲ್ಲ. ಈಗ ಈ ಬುದ್ಧಿ ಹೇಳಿ ಏನು ಪ್ರಯೋಜನ ಅನ್ನಿಸುತ್ತದೆ, ಆದರೂ ಬರೆದೆ.

ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಒಂದು ತೋಟದಲ್ಲಿ, ನಿನಗೆ ಆಗ ಇನ್ನೂ ನಡೆಯಲು ಬರುತ್ತಿರಲಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಒಬ್ಬ ಹೆಂಗಸಿನ ಕೈ ಬೆಲ್ಟಿಗೆ ಸಿಕ್ಕಿತು. ಬೆಲ್ಟಿನ ಗಾರ್ಡ್ ತೆಗೆದಿಟ್ಟದ್ದು ಗೋಡೆಗೆ ಒರಗಿಕೊಂಡೇ ಇತ್ತು. ಅದನ್ನು ಹಾಕಿದರೆ ಬೆಲ್ಟ್ ಜಾರಿದಾಗಲೆಲ್ಲ ಬಿಚ್ಚಬೇಕು ಅಂತ ಯಾರೂ ಹಾಕುತ್ತಿರಲಿಲ್ಲ. ಎಡಗೈ ಹೆಬ್ಬೆರಳು ಬುಡದವರೆಗೆ ಹೋಯಿತು. ವಾರ ಕಳೆದ ಮೇಲೆ ಧಣಿಗಳು ಒಂದು ಕಾಗದ ಬರೆಸಿದರು. 'ನನಗೆ ಸಲ್ಲಬೇಕಾದದ್ದೆಲ್ಲ ಸಂದಿದೆ, ಇನ್ನು ತೋಟದ ಮೇಲೆ ನನ್ನದೇನೂ ಇಲ್ಲ.' ಅಕ್ಷರ ನನ್ನದು. ಇಂಕ್ ಪ್ಯಾಡ್ ಹಿಡಿದು ನಿಂತವನೂ ನಾನೇ. ಪ್ರತಿ ವಾರದ ಬಟವಾಡೆಗೆ ಎಡಗೈ ಹೆಬ್ಬೆಟ್ಟು ಒತ್ತಿ ಅಭ್ಯಾಸ ಆಕೆಗೆ. ಬಟ್ಟೆ ಸುತ್ತಿದ ಎಡಗೈಯನ್ನೇ ಮುಂದೆ ಚಾಚಿದಳು. ಆಮೇಲೆ ಹಿಂದಕ್ಕೆ ತೆಗೆದು ಬಲಗೈ ಕೊಟ್ಟಳು. ಒಂದು ಮಾತು ಆಡಲಿಲ್ಲ.

ಹೆಬ್ಬೆರಳು ಹೋದರೆ ಶೇಕಡ 30 ಅಂತ ಕಾಯ್ದೆಯ ಪಟ್ಟಿಯಲ್ಲೇ ಇದೆ. ಆ ಪುಸ್ತಕ ನಮ್ಮ ಆಫೀಸಿನ ಬೀರುವಿನಲ್ಲಿ, ಜೀಪಿನ ಆರ್‌ಸಿ ಜೊತೆಗೆ ಇತ್ತು. ನಾನು ಓದಿದ್ದೆ ಕೂಡ. ಹೇಳುವ ಧೈರ್ಯ ಆಗಲಿಲ್ಲ ಅನ್ನುವುದಕ್ಕಿಂತ, ಹೇಳುವುದು ನನ್ನ ಕೆಲಸ ಅಂತ ಆಗ ಅನ್ನಿಸಲೇ ಇಲ್ಲ. ಸಂಬಳ ಅವರದು, ಮನೆ ಅವರದು, ನಿನ್ನ ಅತ್ತೆ ಆಗ ಬಸುರಿ. ಅದೆಲ್ಲ ಇರಲಿ.

ಆ ಕಾಗದ ನಿಂತಿತಾ? ನಿಲ್ಲಲಿಲ್ಲ. ಪರಿಹಾರ ಬೇಡ ಅಂತ ಕೆಲಸಗಾರ ಬರೆದುಕೊಟ್ಟರೂ ಕಾನೂನಿನ ಎದುರು ಅದಕ್ಕೆ ಬೆಲೆ ಇಲ್ಲ. ಕೇಸು ಹಾಕಲು ಎರಡು ವರ್ಷ ಅವಕಾಶ ಇದೆ, ಯೂನಿಯನ್‌ನವರು ಹಾಕಿಸಿದರು. ಧಣಿಗಳು ಆಕೆ ಅವತ್ತು ಕೆಲಸಕ್ಕೇ ಬಂದಿರಲಿಲ್ಲ ಅಂತಲೂ ಹೇಳಿ ನೋಡಿದರು. ಚೆಕ್‌ರೋಲಿನಲ್ಲಿ ಹಾಜರಿ ಇತ್ತು, ನನ್ನದೇ ಅಕ್ಷರ. ಪರಿಹಾರದ ಕೇಸು ಕೇಳುವ ಕಮಿಷನರು ಪುಸ್ತಕ ನನ್ನ ಕಡೆ ತಿರುಗಿಸಿ "ಇದು ಯಾರು ಬರೆದದ್ದು?" ಅಂದರು. ನಾನು ಅಂದೆ. ಮೊದಲು ಕೊಡಬೇಕಿದ್ದ ದುಡ್ಡಿನ ಮೇಲೆ ಬಡ್ಡಿ, ದಂಡ, ವಕೀಲರ ಫೀಸು ಎಲ್ಲ ಸೇರಿ ಧಣಿಗಳಿಗೆ ಬಿದ್ದದ್ದು ಎಷ್ಟೋ ಪಾಲು ಜಾಸ್ತಿ. ಆಕೆ ಮಾತ್ರ ಅಷ್ಟರಲ್ಲಿ ತೋಟ ಬಿಟ್ಟು ಪಿರಿಯಾಪಟ್ಟಣದ ಕಡೆ ಹೋಗಿದ್ದಳು. ಹೇಗಿದ್ದಾಳೆ ಅಂತ ವಿಚಾರಿಸಬೇಕು ಅಂದುಕೊಂಡೇ ಕಾಲ ಕಳೆಯಿತು.

ನೋಡು, ನಿನ್ನ ಪ್ರಶ್ನೆಗೇ ಬಂದೆ. ತೋಟಕ್ಕೆ ಏಟು ಬೀಳುವುದು ಪರಿಹಾರದಿಂದಲ್ಲ, ತಡ ಮಾಡಿದ್ದರಿಂದ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದೆ ಅಂತಾದರೆ ಅರ್ಧದಷ್ಟು ದಂಡವನ್ನೂ ಹಾಕಬಹುದು. ಮೇಲಿನ ಲೆಕ್ಕಕ್ಕೆ ಸೇರಿಸು: ವರ್ಷಕ್ಕೆ 51,078 ಬಡ್ಡಿ, 2,12,825ರವರೆಗೆ ದಂಡ. ದಂಡವನ್ನು ಇನ್ಶೂರೆನ್ಸ್‌ನವರು ಕಟ್ಟುವುದಿಲ್ಲ, ಅದು ಮಾಲೀಕನ ತಪ್ಪಿಗೆ ಬಿದ್ದದ್ದು. ಪರಿಹಾರದ ಅಧಿಕಾರಿ ತೀರ್ಪು ಕೊಟ್ಟ ದಿನದಿಂದ ತಾನೇ ಬಾಕಿ ಅಂತ ಕೆಲವರು ಸುಮ್ಮನೆ ಕೂರುತ್ತಾರೆ. ಅದೂ ಸುಳ್ಳು. 1975ರಲ್ಲೇ ಸುಪ್ರೀಂ ಕೋರ್ಟು ಅಪಘಾತವಾದ ದಿನದಿಂದಲೇ ಬಾಕಿ ಅಂತ ಹೇಳಿಯಾಗಿದೆ. ಅದು ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಕೇಸು. ಒಂದೇ ಕೈಯಲ್ಲಿ ಮರಗೆಲಸ ಆಗುವುದಿಲ್ಲ, ಆದ್ದರಿಂದ ಅವನಿಗೆ ನಷ್ಟ ನೂರಕ್ಕೆ ನೂರು ಅಂದದ್ದನ್ನು ಕೋರ್ಟು ಎತ್ತಿಹಿಡಿಯಿತು. ನಿನ್ನವನು ಮರ ಹತ್ತುವವನು. ಡಾಕ್ಟರು ಕಾಲಿಗೆ ಶೇಕಡ 20 ಅಂತ ಬರೆದರೂ, ಮತ್ತೆ ಏಣಿ ಹತ್ತಲಾರದವನ ನಷ್ಟ ಅಷ್ಟಕ್ಕೇ ನಿಲ್ಲದಿರಬಹುದು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಫಿಸಿಯೋಥೆರಪಿಗೆ ದುಡ್ಡು ಹಿಡಿದುಕೊಳ್ಳಬೇಡ ಅನ್ನಲಿಕ್ಕೆ ಬರೆದೆ. ಅವನು ಎಷ್ಟು ವಾಸಿಯಾಗುತ್ತಾನೋ ನಿನಗೂ ಅಷ್ಟು ಉಳಿತಾಯ. ಕೋಲು ಹಿಡಿದು ಓಡಾಡುವ ಹಾಗಾದ ಮೇಲೆ ಡಾಕ್ಟರು ಹೂಂ ಅಂದರೆ ನರ್ಸರಿಯಲ್ಲಿ ಕೂತು ಬ್ಯಾಗಿಗೆ ಮಣ್ಣು ತುಂಬುವ ಕೆಲಸ ಕೊಡು. ಕಣದ ಕಾವಲೂ ಆದೀತು. ಮನೆಯಲ್ಲಿ ಬಿದ್ದುಕೊಂಡವನನ್ನು ಹುಡುಕಿಕೊಂಡೇ ಕೇಸು ಹಾಕಿಸುವವರು ಬರುತ್ತಾರೆ.

'ಕುಡಿದಿದ್ದ ಅಂತ ಬರೆಸಿ' ಅಂತ ಯಾರಾದರೂ ನಿನ್ನ ಕಿವಿ ಊದಬಹುದು. ಕುಡಿದದ್ದರಿಂದಲೇ ಬಿದ್ದ ಅಂತ ರುಜುವಾತು ಮಾಡಬೇಕಾದವನು ನೀನು. ಜೀವ ಹೋದರೆ, ಇಲ್ಲವೇ ಯಾವ ಕೆಲಸಕ್ಕೂ ಬಾರದ ಹಾಗಾದರೆ ಆ ನೆಪವೂ ನಡೆಯುವುದಿಲ್ಲ. ಆಸ್ಪತ್ರೆಯ ಎಂಎಲ್‌ಸಿಯಲ್ಲಿ, ಅಂದರೆ ಪೊಲೀಸರಿಗೂ ಹೋಗುವ ಗಾಯದ ದಾಖಲೆಯಲ್ಲಿ, ಮೊದಲ ರಾತ್ರಿ ಏನು ಬರೆಸಿದ್ದೀಯ? 'ತೋಟದಲ್ಲಿ ಮೆಣಸು ಕೊಯ್ಯುವಾಗ ಮರದಿಂದ ಬಿದ್ದು' ಅಂತ ಇದ್ದರೆ ಒಳ್ಳೆಯದೇ ಆಯಿತು. ಅಲ್ಲಿ ಒಂದು, ಚೆಕ್‌ರೋಲಿನಲ್ಲಿ ಒಂದು ಇದ್ದರೆ ಸಿಕ್ಕಿಬೀಳುವವನು ನೀನು.

ಭಾರಿ ಗಾಯಕ್ಕೆ ಏಳು ದಿನದೊಳಗೆ ವರದಿ ಕೊಡಬೇಕು, ಇನ್ಶೂರೆನ್ಸ್‌ಗೆ ಅದಕ್ಕಿಂತ ಮೊದಲೇ ಹೇಳಬೇಕು. ನಿನ್ನ ಕಾಗದದ ತಾರೀಕು ನೋಡಿದರೆ ದಿನ ಹೆಚ್ಚಿಲ್ಲ. 1923ರ ಹಳೆ ಪರಿಹಾರ ಕಾಯ್ದೆಯನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಲೆಕ್ಕದ ದಾರಿ ಅದೇ, ಕಲಮಿನ ನಂಬರು ಬೇರೆ. ನಂಬರನ್ನು ವಕೀಲರು ನೋಡಿಕೊಳ್ಳಲಿ, ನಾನು ಹಳೆಯ ಮನುಷ್ಯ.

ಏಣಿಯ ಬಗ್ಗೆ ಒಂದು ಮಾತು. ಇದು ನೀನು ಕೇಳಿದ್ದಲ್ಲ. ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿ ಸತ್ತವರ ಸುದ್ದಿಯನ್ನು ನಮ್ಮ ಜಿಲ್ಲೆಯ ಪೇಪರಿನಲ್ಲಿ ಎಷ್ಟು ಸಲ ಓದಿದ್ದೇನೋ. ನಿನ್ನ ಮೇಲಿನ ಬ್ಲಾಕಿನಲ್ಲಿ ಲೈನ್ ಹಾದುಹೋಗಿದೆ. ಅಲ್ಲಿ ಕೊಯ್ಲು ಮಾಡಿಸುವ ದಿನ ಸೆಸ್ಕ್‌ನವರಿಗೆ (ನಮ್ಮ ಬಾಯಲ್ಲಿ ಇನ್ನೂ ಕೆಇಬಿಯೇ) ಹೇಳಿ ಆಫ್ ಮಾಡಿಸು, ಇಲ್ಲವೇ ಆ ಸಾಲಿನ ಮೆಣಸು ಹಕ್ಕಿಗೆ ಬಿಡು. ಇದೇ 35ರ ಮನುಷ್ಯ ಸತ್ತಿದ್ದರೆ ಲೆಕ್ಕ 11,82,360. ಅದನ್ನು ಪರಿಹಾರದ ಅಧಿಕಾರಿಯ ಹತ್ತಿರವೇ ಕಟ್ಟಬೇಕು, ಹೆಂಡತಿಯ ಕೈಗೆ ಗುಟ್ಟಾಗಿ ಕೊಟ್ಟದ್ದು ಪರಿಹಾರ ಅನ್ನಿಸಿಕೊಳ್ಳುವುದಿಲ್ಲ. ಬದುಕಿದ್ದಾನಲ್ಲ, ಇಗ್ಗುತಪ್ಪ ದೇವರು ದೊಡ್ಡವನು.

ಮತ್ತೆ ಮತ್ತೆ ಅದೇ ಬರೆದು ನಿನಗೆ ಬೇಸರ ಬರಿಸಿದ್ದೇನೆ. ನಾಳೆ ಬೆಳಿಗ್ಗೆ ಪಾಲಿಸಿಯ ನಂಬರು ಹಿಡಿದುಕೊಂಡು ಫೋನ್ ಮಾಡು, ಕ್ಲೇಮಿನ ಅರ್ಜಿ ತುಂಬುವುದು ನನಗೆ ಇನ್ನೂ ಮರೆತಿಲ್ಲ. ಚೆಕ್‌ರೋಲು, ಬಟವಾಡೆ ಪುಸ್ತಕ ಎರಡನ್ನೂ ಮೇಸ್ತ್ರಿಯ ಕೈಗೆ ಸಿಗದ ಹಾಗೆ ಅಕ್ಕನ ಬೀರುವಿನಲ್ಲಿ ಇಡು. ಇನ್ನೊಂದು, ಅವನ ಹೆಂಡತಿ ಲೈನ್ ಮನೆಯಲ್ಲೇ ಇದ್ದಾಳೆ ಅಂತ ಬರೆದಿದ್ದೀಯ. ಅವನು ಕೊಯ್ದ ಕೇಜಿಗಳ ಕೂಲಿ ಕಳೆದ ಶನಿವಾರದ ಬಟವಾಡೆಯಲ್ಲಿ ಅವಳಿಗೆ ಕೊಟ್ಟೆಯಾ? ಅದನ್ನು ನೀನು ಬರೆಯಲಿಲ್ಲ.

ಇಂತಿ,
ನಿನ್ನ ಮಾವ