ಲಿನನ್ ಎಂದು ಕಳಿಸಿದ ದಾರ ಬೆಂಕಿಗೆ ಕರಗಿ ಮಣಿಯಾಯಿತು: ಹಡಗಿನ ಕಿಟ್ ಕುರಿತು ದೂರು

ಇವರಿಂದ: ನಿಮ್ಮ ಗ್ರಾಹಕಿ, ಕುಮಟಾ, ಉತ್ತರ ಕನ್ನಡ ಜಿಲ್ಲೆ (ಹೆಸರು, ವಿಳಾಸ, ಆರ್ಡರ್ ಸಂಖ್ಯೆ ಲಗತ್ತಿಸಿದ ಬಿಲ್ಲಿನಲ್ಲಿವೆ)

ಇವರಿಗೆ: ಕುಂದುಕೊರತೆ ಅಧಿಕಾರಿಗಳು, ಹಡಗಿನ ಮಾದರಿ ಕಿಟ್ ಮಾರಾಟ ವಿಭಾಗ, ಬೆಂಗಳೂರು

ದಿನಾಂಕ: 9 ಜೂನ್ 2025

ವಿಷಯ: ಹಳೆಯ ಬ್ರಿಟಿಷ್ ಯುದ್ಧನೌಕೆ ಎಚ್‌ಎಂಎಸ್ ಟ್ರಿಂಕಮಲೀಯ ಮರದ ಮಾದರಿ ಕಿಟ್‌ನಲ್ಲಿ ಹೇಳಿದ ದಾರ ಕೊಡದಿರುವುದು, ಸೀಳುವ ಡೆಡ್‌ಐಗಳು (ಹಗ್ಗ ಬಿಗಿಯುವ ಮರದ ಬಿಲ್ಲೆಗಳು), ನಾಲ್ಕನೇ ನಕ್ಷೆ ಹಾಳೆ ಇಲ್ಲದಿರುವುದು.

ಮಾನ್ಯರೇ,

ಕಳೆದ ನವೆಂಬರಿನಲ್ಲಿ ನಿಮ್ಮ ವೆಬ್‌ಸೈಟಿನಿಂದ 1:64 ಅಳತೆಯ ಟ್ರಿಂಕಮಲೀ ಕಿಟ್ ತರಿಸಿಕೊಂಡೆ. ಬೆಲೆ 18,600 ರೂಪಾಯಿ. ನಾನು ಮೂವತ್ತೊಂದು ವರ್ಷ ಹೊಲಿಗೆ ಕಲಿಸಿ ನಿವೃತ್ತಳಾದವಳು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನಿಮ್ಮ ಕಸ್ಟಮರ್ ಕೇರಿನ ಹುಡುಗ ಫೋನಿನಲ್ಲಿ "ಮೇಡಂ, ದಾರ ಅಂದ್ರೆ ದಾರ, ಅದರಲ್ಲೇನು ವ್ಯತ್ಯಾಸ" ಎಂದ. ಆ ಮಾತಿನಿಂದಲೇ ಈ ಪತ್ರ ಇಷ್ಟು ಉದ್ದವಾಗಿದೆ.

ಮೊದಲು ನಿಮ್ಮ ಏಳು ದಿನದ ನಿಯಮದ ವಿಚಾರ. "ವಸ್ತು ತಲುಪಿದ ಏಳು ದಿನದೊಳಗೆ ದೋಷ ತಿಳಿಸಬೇಕಿತ್ತು, ಈಗ ಏನೂ ಮಾಡುವಂತಿಲ್ಲ" ಎಂದು ಏಪ್ರಿಲ್‌ನಲ್ಲಿ ನನಗೆ ಮೇಲ್ ಕಳಿಸಿದಿರಿ. ಸ್ವಾಮಿ, ನೀವು ಮಾರುವುದು ಮಿಕ್ಸರ್ ಅಲ್ಲ, ಬಂದ ದಿನವೇ ಪ್ಲಗ್ ಹಾಕಿ ನೋಡಲಿಕ್ಕೆ. ಈ ಕಿಟ್‌ನಲ್ಲಿ ಮೊದಲು ಪಕ್ಕೆಲುಬುಗಳನ್ನು ಜೋಡಿಸಬೇಕು. ಆಮೇಲೆ ಹಲಗೆಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಎರಡು ಪದರ ಅಂಟಿಸಬೇಕು. ಮರಳುಕಾಗದ, ಡೆಕ್, ತೋಪಿನ ಕಿಂಡಿ ಎಲ್ಲ ಮುಗಿದು ಹಾಯಿಕಂಬ ನಿಲ್ಲಿಸುವ ಹೊತ್ತಿಗೆ ನನಗೂ ಮೊಮ್ಮಗನಿಗೂ ಐದು ತಿಂಗಳು ಹಿಡಿಯಿತು. ದಾರದ ಪೊಟ್ಟಣ ಡಬ್ಬಿಯ ತಳದಲ್ಲಿತ್ತು. ಅದನ್ನು ಒಡೆಯುವ ಕೆಲಸ ಬರುವುದೇ ಕಟ್ಟಕಡೆಗೆ. ಏಳು ದಿನದಲ್ಲಿ ದಾರ ಪರೀಕ್ಷಿಸಿ ಎಂದರೆ ಅಡಿಪಾಯ ತೋಡುವಾಗಲೇ ಹೆಂಚು ಸೋರುತ್ತದೆಯೇ ನೋಡಿ ಎಂದ ಹಾಗಾಯಿತು.

ಇನ್ನು ದಾರ. ಪೊಟ್ಟಣದ ಮೇಲೆ "ಶುದ್ಧ ಲಿನನ್, ಮೂರೆಳೆ ಹುರಿ" ಎಂದು ಅಚ್ಚಾಗಿದೆ. ತೆಗೆದು ಬೆರಳಲ್ಲಿ ಹಿಡಿದ ಕೂಡಲೇ ಅನುಮಾನ ಬಂತು. ಲಿನನ್‌ಗೆ ಸ್ವಲ್ಪ ಬಿರುಸು ಇರುತ್ತದೆ, ಇದು ಜಾರುತ್ತಿತ್ತು. ಉಗುರಿನಿಂದ ಹುರಿ ಬಿಚ್ಚಲು ನೋಡಿದರೆ ಬಿಚ್ಚಲಿಕ್ಕೆ ಹುರಿಯೇ ಇಲ್ಲ, ಲಾಡಿಯ ಹಾಗೆ ಹೆಣೆದಿದ್ದಾರೆ. ಗೋಡೆ ನೆಟ್ಟಗಿದೆಯೇ ನೋಡಲು ಮೇಸ್ತ್ರಿಗಳು ಎಳೆದು ಹಿಡಿಯುತ್ತಾರಲ್ಲ, ಥೇಟ್ ಆ ನೈಲಾನ್ ದಾರ. ಕೊನೆಗೆ ನಮ್ಮ ತರಬೇತಿಯ ಹುಡುಗಿಯರಿಗೆ ಮೊದಲ ವಾರ ಹೇಳಿಕೊಡುತ್ತಿದ್ದ ಪರೀಕ್ಷೆಯನ್ನೇ ಮಾಡಿದೆ. ದೇವರ ದೀಪಕ್ಕೆ ಒಂದು ಬೆರಳುದ್ದದ ತುಂಡು ಹಿಡಿದೆ. ಲಿನನ್ ಆಗಿದ್ದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಆಗಬೇಕಿತ್ತು. ಇದು ಬೆಂಕಿಯಿಂದ ಹಿಂದೆ ಸರಿದು, ಮುದುಡಿ, ಕರಗಿ, ಸಾಸಿವೆಗಿಂತ ಸಣ್ಣ ಗಟ್ಟಿ ಮಣಿಯಾಗಿ ಕೂತಿತು. ಆ ಮಣಿಯನ್ನು ತುಂಡಿನ ಸಮೇತ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟು ಕಳಿಸುತ್ತಿದ್ದೇನೆ. ನಿಮ್ಮಲ್ಲೂ ಬೆಂಕಿಪೊಟ್ಟಣ ಇರುತ್ತದೆ, ಗೋದಾಮಿನಲ್ಲಿರುವ ಉಳಿದ ಪೊಟ್ಟಣಗಳನ್ನೂ ಒಮ್ಮೆ ನೋಡಿಬಿಡಿ.

ನೈಲಾನ್ ಆದರೇನು ಎಂದು ನಿಮ್ಮ ಹುಡುಗ ಕೇಳಬಹುದು. ಕೆಳಗಿನ ಹಾಯಿಕಂಬಕ್ಕೆ ಎರಡೂ ಪಕ್ಕದಲ್ಲಿ ಶ್ರೌಡ್‌ಗಳನ್ನು ಕಟ್ಟುತ್ತೇವೆ. ಕಂಬವನ್ನು ಅಕ್ಕಪಕ್ಕಕ್ಕೆ ಹಿಡಿದು ನಿಲ್ಲಿಸುವ ಹಗ್ಗಗಳು ಅವೇ. ಜೋಡಿ ಜೋಡಿಯಾಗಿ ಕಂಬದ ನೆತ್ತಿಗೆ ಹಾಕಬೇಕು, ಮೊದಲ ಜೋಡಿ ಹಡಗಿನ ಬಲಗಡೆಗೆ, ಮುಂದಿನದು ಎಡಕ್ಕೆ, ಹೀಗೆ ಬದಲಾಯಿಸುತ್ತ ಹೋದರೆ ಎಳೆತ ಸಮವಾಗಿರುತ್ತದೆ. ನಾವು ಹಾಗೆಯೇ ಮಾಡಿದೆವು. ಮೇ ಕೊನೆಯಲ್ಲಿ ನಮ್ಮಲ್ಲಿ ಮಳೆ ಹಿಡಿಯಿತು. ನೈಲಾನ್ ತೇವ ಹೀರಿ ಜೋಲುತ್ತದೆ. ನಾಲ್ಕು ದಿನದಲ್ಲಿ ಮುಖ್ಯ ಕಂಬದ ಎಡಗಡೆಯ ಶ್ರೌಡ್‌ಗಳು ಮದುವೆ ಮನೆಯ ತೋರಣದ ಹಾಗೆ ಜೋತುಬಿದ್ದವು, ಕಂಬ ಬಲಕ್ಕೆ ವಾಲಿತು. ಬಿಗಿ ಮಾಡಲು ಹೋದರೆ ಡೆಡ್‌ಐ ಸೀಳಿತು.

ಡೆಡ್‌ಐ ಅಂದರೆ ಗೊತ್ತಿರಬೇಕು ನಿಮಗೆ, ಮಾರುವವರು ನೀವೇ. ಮೂರು ತೂತಿನ ಗುಂಡು ಮರದ ಬಿಲ್ಲೆ. ಮೇಲೊಂದು, ಕೆಳಗೊಂದು, ನಡುವೆ ಸಣ್ಣ ಹಗ್ಗ ಮೂರು ಸಲ ಹಾದು ಶ್ರೌಡನ್ನು ಬಿಗಿಯುತ್ತದೆ. ಶ್ರೌಡ್‌ಗಳ ಎಳೆತವನ್ನೆಲ್ಲ ಹಿಡಿಯುವುದು ಈ ಬಿಲ್ಲೆಗಳೇ. ನೀವು ಕೊಟ್ಟ 5 ಮಿ.ಮೀ. ಬಿಲ್ಲೆಗಳಲ್ಲಿ ತೂತುಗಳು ಅಂಚಿಗೆ ಅಂಟಿಕೊಂಡಿವೆ, ಹಗ್ಗ ಕೂರಲು ಅಂಚಿನ ಸುತ್ತ ಕೊರೆಯುವ ತೋಡು ಅರ್ಧಕ್ಕೆ ನಿಂತಿದೆ. 62ರಲ್ಲಿ 19 ಮರದ ಎಳೆಯ ಗುಂಟ ಸೀಳಿದವು. ರಾಟೆಗಳದ್ದೂ ಅದೇ ಕತೆ, ಕೆಲವಕ್ಕೆ ತೂತೇ ಇಲ್ಲ. ಬಾವಿಯ ರಾಟೆಗೆ ಹಗ್ಗ ಹೋಗುವ ಜಾಗ ಬಿಡದೆ ಯಾರಾದರೂ ಮಾರುತ್ತಾರೆಯೇ?

ದಪ್ಪದ ವಿಷಯಕ್ಕೂ ಬರುತ್ತೇನೆ. ಹಳೆಯ ಹಡಗುಗಳಲ್ಲಿ ಹಗ್ಗವನ್ನು ಅಳೆಯುತ್ತಿದ್ದದ್ದು ಸುತ್ತಳತೆಯಿಂದ, ವ್ಯಾಸದಿಂದಲ್ಲ. ಒಂಬತ್ತು ಇಂಚಿನ ಶ್ರೌಡ್ ಎಂದರೆ ವ್ಯಾಸ ಸುಮಾರು 73 ಮಿ.ಮೀ., ಅದನ್ನು 64ರಿಂದ ಭಾಗಿಸಿದರೆ 1.1 ಮಿ.ಮೀ. ಬರುತ್ತದೆ. ಮೇಲಿನ ಸಣ್ಣ ಹಗ್ಗಗಳಿಗೆ ಕಾಲು ಮಿಲಿಮೀಟರೂ ಸಾಕು. ನಿಮ್ಮ ಪೊಟ್ಟಣದಲ್ಲಿ ಎಲ್ಲಕ್ಕೂ ಒಂದೇ, ಅರ್ಧ ಮಿಲಿಮೀಟರಿನದು. ಬಣ್ಣವೂ ಒಂದೇ, ಬಿಳಿ. ಕಂಬ ಹಿಡಿಯುವ ಹಗ್ಗಗಳಿಗೆ ಡಾಂಬರು ಹಚ್ಚುತ್ತಿದ್ದುದರಿಂದ ಅವು ಕಪ್ಪು. ಹಾಯಿ ಎಳೆಯುವ, ಇಳಿಸುವ ಹಗ್ಗಗಳು ನಾರಿನ ಬಣ್ಣದವು. ಇಷ್ಟನ್ನು ನಿಮ್ಮದೇ ಕೈಪಿಡಿಯ ಮೂರನೇ ಪುಟದ ಬಣ್ಣದ ಚಿತ್ರ ತೋರಿಸುತ್ತದೆ! ಚಿತ್ರ ತೆಗೆದವರಿಗೆ ಯಾವ ದಾರ ಕೊಟ್ಟಿದ್ದಿರೋ.

ಕೈಯೊಡ್ಡಿ ಕೂರುವ ಜಾಯಮಾನ ನನ್ನದಲ್ಲ. ಕ್ರೋಶ ಹಾಕುವ ಹತ್ತಿ ದಾರದ ಮೂರು ಎಳೆಗಳನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಪ್ರತಿ ಎಳೆಗೂ ಬೇರೆ ಬೇರೆಯಾಗಿ ಡ್ರಿಲ್ ಮೆಷಿನ್ನಿನಿಂದ ಒಂದು ಕಡೆಗೆ ಹುರಿ ಕೊಟ್ಟು, ಮೂರನ್ನೂ ಸೇರಿಸಿ ತಿರುವುಮುರುವು ತಿರುಗಿಸಿದೆವು. ಏಳನೇ ತರಗತಿಯ ಮೊಮ್ಮಗ ನಡುವೆ ಪೆನ್ಸಿಲ್ ಇಟ್ಟು ಹುರಿ ಸಿಕ್ಕಾಗದಂತೆ ಹಿಡಿದುಕೊಂಡ. ಅಸಲು ಹಗ್ಗದ ಹಾಗೇ ಬಂತು. ಸ್ವಲ್ಪ ಜೇನುಮೇಣ ಸವರಿದ ಮೇಲೆ ನೂಲಿನ ಜುಂಗೂ ಕೂತಿತು. ನಾರಿನ ಬಣ್ಣಕ್ಕೆ ಚಹಾದ ನೀರಲ್ಲಿ ಒಂದು ರಾತ್ರಿ. ಇಬ್ಬರಿಗೆ ಹನ್ನೊಂದು ಸಂಜೆ ಹಿಡಿದ ಕೆಲಸ ಇದು, ನೀವು ದುಡ್ಡು ತೆಗೆದುಕೊಂಡು ಮಾಡಬೇಕಾಗಿದ್ದದ್ದು.

ಶ್ರೌಡ್‌ಗಳಿಗೆ ಅಡ್ಡಡ್ಡ ದಾರ ಕಟ್ಟಿ ಮಾಡುವ ಮುಖ್ಯ ಕಂಬದ ಏಣಿಗೆ ಹಾಕಿದ ಗಂಟುಗಳು ಬೇರೆ. ಒಂದು ಪಕ್ಕಕ್ಕೆ ಏಳು ಶ್ರೌಡ್. ತುದಿಯ ಎರಡಕ್ಕೆ ಮೆಟ್ಟಿಲಿನ ದಾರವನ್ನು ಕಣ್ಣು ಮಾಡಿ ಬಿಗಿಯಬೇಕು, ನಡುವಿನ ಐದಕ್ಕೆ ಕ್ಲೋವ್ ಹಿಚ್ ಗಂಟು. ನಲವತ್ತು ಮೆಟ್ಟಿಲು, ಇನ್ನೂರು ಗಂಟು, ಒಂದೇ ಪಕ್ಕಕ್ಕೆ. ನಿಮ್ಮ ನೈಲಾನ್ ದಾರದಲ್ಲಿ ರಾತ್ರಿ ಹಾಕಿದ ಗಂಟು ಬೆಳಿಗ್ಗೆ ಸಡಿಲವಾಗಿ ಕೆಳಗೆ ಜಾರಿರುತ್ತಿತ್ತು. ಮೊಮ್ಮಗ ಒಂದೊಂದಾಗಿ ಬಿಚ್ಚಿದ. ಎಂಟು ದಿನದ ರಜೆ ಅದರಲ್ಲೇ ಹೋಯಿತು.

ನಾಲ್ಕನೇ ಹಾಳೆ. ಡಬ್ಬಿಯ ಪಟ್ಟಿಯಲ್ಲಿ ನಾಲ್ಕು ನಕ್ಷೆ ಎಂದಿದೆ, ಬಂದದ್ದು ಮೂರು. ಕಾಣೆಯಾಗಿರುವುದು ಯಾವ ಹಗ್ಗ ಯಾವ ಗೂಟಕ್ಕೆ ಸುತ್ತಬೇಕು ಎಂದು ತೋರಿಸುವ ಹಾಳೆ. ಅದಿಲ್ಲದೆ ಹಾಯಿಯ ಹಗ್ಗಗಳಲ್ಲಿ ಒಂದನ್ನೂ ಕಟ್ಟುವಂತಿಲ್ಲ. ನಕ್ಷೆ ಕಳೆಯುವುದು ಈ ಹಡಗಿನ ಹಣೆಬರಹವೇ ಇರಬೇಕು. ಟ್ರಿಂಕಮಲೀಯ ನಕ್ಷೆಗಳನ್ನು ಇಂಗ್ಲೆಂಡಿನಿಂದ, ಅದನ್ನು ಕಟ್ಟಬೇಕಿದ್ದ ಮುಂಬಯಿಗೆ ತರುತ್ತಿದ್ದ ಎಚ್‌ಎಂಎಸ್ ಜಾವಾ ಹಡಗನ್ನು 1812ರ ಡಿಸೆಂಬರ್ 29ರಂದು ಬ್ರೆಜಿಲ್ ತೀರದಾಚೆ ಅಮೆರಿಕದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಸೋಲಿಸಿತು, ಆಮೇಲೆ ಸುಟ್ಟುಹಾಕಿತು. ನಕ್ಷೆಗಳೂ ಹೋದವು. ಬೇರೆ ಪ್ರತಿ ಬರುವವರೆಗೆ ಮುಂಬಯಿಯವರು ಕಾಯಬೇಕಾಯಿತು. ಅವರಿಗಾದರೂ ಯುದ್ಧ ಎನ್ನುವ ಕಾರಣ ಇತ್ತು. ನಿಮಗೆ?

ಕೊನೆಗೆ ಮುಂಭಾಗದ ಗೊಂಬೆ. ಈ ಹಡಗಿನ ಮೂತಿಯಲ್ಲಿರುವುದು ತಲೆಗೆ ಪೇಟ ಸುತ್ತಿದ ಗಂಡಸಿನ ಗೊಂಬೆ. ನೀವು ಕಳಿಸಿದ್ದು ಕೂದಲು ಬಿಟ್ಟ ಹೆಂಗಸು. ಬೇರೆ ಯಾವುದೋ ಹಡಗಿನ ಡಬ್ಬಿಗೆ ಹೋಗಬೇಕಿದ್ದದ್ದು ಅನ್ನಿಸುತ್ತದೆ. ಬ್ರಿಟಿಷ್ ಬಾವುಟವೂ 1801ಕ್ಕಿಂತ ಹಿಂದಿನದು, ಐರ್ಲೆಂಡಿನ ಕೆಂಪು ಓರೆಗೆರೆ ಇಲ್ಲ. ಹಡಗು ನೀರಿಗಿಳಿದದ್ದು 1817ರಲ್ಲಿ. ಬಾವುಟವನ್ನು ನಾನೇ ಹೊಲಿದುಕೊಂಡೆ, ಅದು ದೂರಿನಲ್ಲಿ ಬೇಡ. ಗೊಂಬೆ ಬೇಕು.

ಇಷ್ಟೊಂದು ಹಟ ಯಾಕೆ ಎಂದು ನಿಮ್ಮ ಹುಡುಗನೂ ಕೇಳಿದ. "ಶೋಕೇಸ್‌ನಲ್ಲಿ ಇಟ್ಟರೆ ಯಾರಿಗೂ ಗೊತ್ತಾಗೋದಿಲ್ಲ ಮೇಡಂ" ಎಂದ. "ನನಗೆ ಗೊತ್ತಾಗ್ತದಲ್ಲ ತಮ್ಮಾ" ಎಂದು ಫೋನ್ ಇಟ್ಟೆ. ಈ ಹಡಗನ್ನು ಕಟ್ಟಿದ್ದು ಮುಂಬಯಿಯಲ್ಲಿ, ಮಲಬಾರಿನ ತೇಗದಲ್ಲಿ. ಕಟ್ಟುವ ಉಸ್ತುವಾರಿ ಪಾರ್ಸಿ ಹಡಗುಶಿಲ್ಪಿ ಜಮ್ಶೆಟ್ಜಿ ಬೊಮನ್‌ಜಿ ವಾಡಿಯಾ ಅವರದು. 1816ರಲ್ಲಿ ಅಡಿಮರ ಇಟ್ಟಾಗ ಪಾರ್ಸಿಗಳ ಪದ್ಧತಿಯಂತೆ ಅದಕ್ಕೊಂದು ಬೆಳ್ಳಿ ಮೊಳೆ ಹೊಡೆದರು. ಇನ್ನೂರು ವರ್ಷ ದಾಟಿದರೂ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ನವೆಂಬರಿನಲ್ಲಿ ನಮ್ಮ ಮಾದರಿಯ ಅಡಿಮರ ಅಂಟಿಸುವ ದಿನ ಇದನ್ನು ಓದಿ ಹೇಳಿದ್ದೇ ತಪ್ಪಾಯಿತು. ಮೊಮ್ಮಗ ಅವನ ತಾಯಿಯ ಮುರಿದ ಕಾಲ್ಗೆಜ್ಜೆಯಿಂದ ಒಂದು ಬೆಳ್ಳಿ ತುಣುಕು ಕಿತ್ತು ತಂದು ಅಡಿಮರಕ್ಕೆ ಸೇರಿಸಿದ್ದಾನೆ. ಅದರ ಮೇಲೆ ಮೇಸ್ತ್ರಿಯ ದಾರ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಬಿರುಕಿಲ್ಲದ 5 ಮಿ.ಮೀ. ಡೆಡ್‌ಐ 62, ಸರಿಯಾಗಿ ತೂತು ಕೊರೆದ ರಾಟೆಗಳ ಪೂರ್ತಿ ಸೆಟ್, ಪೇಟದ ಗೊಂಬೆ, ನಾಲ್ಕನೇ ಹಾಳೆ. ದಾರ ಬೇಡ, ಕಳಿಸಿದರೂ ನಂಬುವುದಿಲ್ಲ. ಅದರ ಬದಲು ಪಟ್ಟಿಯಲ್ಲಿ ನೀವೇ ಹಾಕಿರುವ ದಾರದ ಬೆಲೆ 2,150 ರೂಪಾಯಿ ವಾಪಸ್ ಕೊಡಿ. ಪೊಟ್ಟಣದ ಮೇಲಿನ "ಶುದ್ಧ ಲಿನನ್" ಎಂಬುದನ್ನು ತೆಗೆಯಿರಿ, ಇಲ್ಲವೇ ಒಳಗೆ ಲಿನನ್ ಇಡಿ.

2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೂರು ಮುಟ್ಟಿದ್ದನ್ನು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನ್ನ ಏಪ್ರಿಲ್ ತಿಂಗಳ ಎರಡು ಮೇಲ್‌ಗಳಲ್ಲಿ ಒಂದಕ್ಕೆ ಉತ್ತರವೇ ಬಂದಿಲ್ಲ. ಜುಲೈ 9ರೊಳಗೆ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಅದೂ ಸಾಲದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯಿದೆಯಂತೆ ಗ್ರಾಹಕ ತಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಹಾಗಾಗಿ ಬಸ್ ಹತ್ತಿ ಬರಬೇಕಾದವರು ನೀವು. ಬರುವಾಗ ಹಡಗನ್ನೂ ನೋಡಿಹೋಗಿ.

ಉಳಿದದ್ದು ತಡವಾದರೂ ಸರಿ, ನಾಲ್ಕನೇ ಹಾಳೆಯನ್ನು ಮಾತ್ರ ಈ ವಾರವೇ ಕಳಿಸಿ. ಪಿಡಿಎಫ್ ಆದರೂ ಸಾಕು, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿಕೊಳ್ಳುತ್ತೇವೆ. ಹುಡುಗನಿಗೆ ಶಾಲೆ ಶುರುವಾಗಿದೆ, ಈಗ ಅವನು ಸಿಗುವುದು ಭಾನುವಾರ ಮಾತ್ರ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ಪ್ರತಿ, ಎರಡು ಮೇಲ್‌ಗಳ ಪ್ರತಿ, ವಾಲಿದ ಕಂಬದ ಫೋಟೋ ಮೂರು, ಸೀಳಿದ ಡೆಡ್‌ಐ 19, ಕರಗಿದ ದಾರದ ತುಂಡು. ಹೆಂಗಸಿನ ಗೊಂಬೆಯನ್ನು ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ, ಅದರ ಹಡಗಿನವರೂ ಎಲ್ಲೋ ಹುಡುಕುತ್ತಿರಬಹುದು.