ಹಾಳೆ ಬಿಡಿ, ಹಾಡು ಕೇಳಿಸಿ

ಮಾನ್ಯ ಸಂಪಾದಕರೇ,

ಮಗಳ ಶಾಲೆಯವರ ಜೊತೆ ಅಮೆರಿಕದ ಮಿಸಿಸಿಪ್ಪಿಯಲ್ಲಿರುವ ಡೆಲ್ಟಾ ಬ್ಲೂಸ್ ಮ್ಯೂಸಿಯಂಗೆ ಹೋಗಿದ್ದೆ. ಬ್ಲೂಸ್ ಅಂದರೆ ಆಫ್ರಿಕನ್-ಅಮೆರಿಕನ್ನರ ಹಾಡಿನ ಪರಂಪರೆ. ಕ್ಲಾರ್ಕ್ಸ್‌ಡೇಲ್‌ನ ಹಳೇ ರೈಲ್ವೆ ಗೂಡ್ಸ್ ಶೆಡ್ ಅದು. ಒಳಗೆ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇದ್ದ ಮರದ ಮನೆಯನ್ನೇ ತಂದಿಟ್ಟಿದ್ದಾರೆ. ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಆತನ ಹಾಡನ್ನು 1941ರಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೊಮ್ಯಾಕ್ಸ್, ಜಾನ್ ವರ್ಕ್ ಹುಡುಕಿಕೊಂಡು ಬಂದು ರೆಕಾರ್ಡ್ ಮಾಡಿಕೊಂಡರು.

ಮಕ್ಕಳು ತಲೆಯೇ ಎತ್ತಲಿಲ್ಲ. ಕೈಗೆ ಪ್ರಶ್ನೆಪಟ್ಟಿ ಕೊಟ್ಟಿದ್ದರು, ಸುಮ್ನೆ ಇಸವಿ ತುಂಬಿಸೋದೇ ಕೆಲಸ. ಸಂಗೀತ ಕಿವಿಗೆ ಬೀಳಬೇಕಲ್ವಾ? ಒಬ್ಬ ಹುಡುಗ ಮಾತ್ರ ಗೋಡೆಯ ಹಲಗೆ ಮುಟ್ಟಲು ಹೋಗಿ ಬೈಸಿಕೊಂಡ, ಆಮೇಲೆ ಮೆಲ್ಲಗೆ "ಚಳಿಗಾಲದಲ್ಲಿ ಇದರೊಳಗೆ ಹೇಗಿದ್ರು?" ಅಂದ. ಬಸ್ಸಿಗೆ ಹೊತ್ತಾಗಿತ್ತು, ಯಾರೂ ಉತ್ತರ ಕೊಡಲಿಲ್ಲ.

ಮುಂದಿನ ಸಲ ಶಿಕ್ಷಕರು ಹಾಳೆ ಬಿಟ್ಟು ಒಂದು ಹಾಡು ಕೇಳಿಸಲಿ. ಹೊರಡುವ ಮೊದಲೇ, ತರಗತಿಯಲ್ಲೇ.

– ಓರ್ವ ಕನ್ನಡಿಗ ತಂದೆ, ಮೆಂಫಿಸ್